ನೆಲ್ಲಿನ ಗೋದಾಮಿನಲ್ಲಿ ಹಂಪವ್ವನ ಪದಗಳು

ಹಂಪವ್ವ ತನ್ನ ದನಿಯನ್ನು ತಾನೇ ಮೊದಲ ಸಲ ಕೇಳಿದ್ದು ೧೯೮೧ರ ಬೇಸಿಗೆಯಲ್ಲಿ, ಗಂಗಾವತಿಯಲ್ಲಿ ಪಕ್ಕದ ಮನೆಯ ನೂರಜಾನಬಿಯ ಪಡಸಾಲೆಯಲ್ಲಿ ಕೂತು. ಅಷ್ಟೊತ್ತಿಗೆ ಅವಳು ಹಾಡಲು ಹತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೀಸುವಾಗ, ಕಳೆ ತೆಗೆಯುವಾಗ, ನಾಟಿ ಹಚ್ಚುವಾಗ, ಓಣಿಯ ಯಾವ ಮನೆಯಲ್ಲಾದರೂ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅವಳ ದನಿ ಇರಲೇಬೇಕಿತ್ತು. ಆದರೆ ಆ ದನಿ ಕೇಳುವವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ನೂರಜಾನಬಿಯ ಗಂಡ ಖಾಜಾಸಾಬ ಗಾರೆ ಕೆಲಸಕ್ಕೆಂದು ಸೌದಿಗೆ ಹೋಗಿದ್ದ. ರಜೆಯ ಮೇಲೆ ಊರಿಗೆ ಬಂದ ಗೆಳೆಯನೊಬ್ಬನ ಕೈಯಲ್ಲಿ ಅವನು ರೇಡಿಯೋ ಟೇಪು ಎರಡೂ ಕೂಡಿದ ದೊಡ್ಡ ಟೂ-ಇನ್-ಒನ್ ಕಳಿಸಿದ್ದ. ಕಾಗದ ಬರೆಸುವ ಗೋಜು ಬೇಡ, ಇದರಲ್ಲೇ ಮಾತಾಡಿ ಕ್ಯಾಸೆಟ್ ಕಳಿಸು ಎಂದು ಹೇಳಿಕಳಿಸಿದ್ದ. ನೂರಜಾನಬಿ ಕೆಂಪು ಗುಂಡಿ ಒತ್ತಿ ಕೂತಳು. ಎದುರಿಗೆ ಅತ್ತೆ ಹಜರತಬೀ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಎಲ್ಲರೂ ಆರಾಮ ಇದ್ದೇವೆ, ಆಡು ಎರಡು ಮರಿ ಹಾಕಿದೆ, ಮಾಳಿಗೆಗೆ ಮಣ್ಣು ಹಾಕಿಸಿದೆವು ಎಂದು ಹೇಳುವಷ್ಟರಲ್ಲಿ ನೂರಜಾನಬಿಯ ಮಾತು ತೀರಿಹೋಯಿತು. ಹೇಳಬೇಕಾದ ಮಾತನ್ನು ಅತ್ತೆಯ ಎದುರಿಗೆ ಹೇಳುವುದು ಹೇಗೆ? ಕ್ಯಾಸೆಟ್ಟಿನ ಸುರುಳಿ ಮಾತ್ರ ಇನ್ನೂ ದಪ್ಪಗೆ ಉಳಿದಿತ್ತು. ಅವಳು ಗೋಡೆಯಾಚೆಯಿಂದ ಹಂಪವ್ವನನ್ನು ಕರೆದು, ಖಾಲಿ ಕಳಿಸಲು ಮನಸ್ಸು ಬಾರದು, ಒಂದು ಪದ ಹಾಡಿಬಿಡು ಎಂದಳು.

ಹಂಪವ್ವ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಬಂದು, ತವರುಮನೆಯನ್ನು ಹೊಗಳುವ ಹಳೆಯದೊಂದು ಬೀಸುವ ಪದ ಹಾಡಿದಳು. ನೂರಜಾನಬಿ ಸುರುಳಿ ಹಿಂದಕ್ಕೆ ತಿರುಗಿಸಿ ಹಚ್ಚಿದಳು. ಪೆಟ್ಟಿಗೆಯೊಳಗಿಂದ ಒಬ್ಬ ಹೆಣ್ಣುಮಗಳು ಹಾಡಿದಳು. ದನಿ ಸ್ವಲ್ಪ ಒಡಕು, ಆದರೆ ಮೇಲಕ್ಕೆ ಏರಿದಾಗ ಅಲ್ಲೇ ನಿಂತು ಸುತ್ತ ನೋಡಿದಂತೆ ನಿಧಾನವಾಗಿ ಇಳಿಯುತ್ತಿತ್ತು.

"ಯಾರಿಕಿ?" ಎಂದು ಹಂಪವ್ವ ಕೇಳಿದಳು.

"ನೀನs ಹಂಪಕ್ಕ," ಎಂದಳು ನೂರಜಾನಬಿ.

ಹಂಪವ್ವ ಪೆಟ್ಟಿಗೆಯ ಹತ್ತಿರ ಸರಿದು ಇನ್ನೊಮ್ಮೆ ಹಚ್ಚಲು ಹೇಳಿದಳು. ಮತ್ತೂ ಒಮ್ಮೆ. ಮನೆಯಲ್ಲಿ ಕಲಸಿಟ್ಟ ಹಿಟ್ಟು ಅಲ್ಲೇ ಒಣಗಿತು. ಆ ದನಿಯವಳ ಮೇಲೆ ಅವಳಿಗೆ ಏನೋ ಅಕ್ಕರೆ ಹುಟ್ಟಿತು, ಅದರ ಬೆನ್ನಿಗೇ ಒಂದು ಅಸಮಾಧಾನವೂ ಹುಟ್ಟಿತು. ಆ ಹೆಣ್ಣುಮಗಳು ಏಳು ಅಂಕಣದ ತವರುಮನೆಯನ್ನೂ ಹಾಲು ಕರೆಯುವ ಎಮ್ಮೆಗಳನ್ನೂ ಕುದುರೆ ಏರಿ ಬರುವ ಅಣ್ಣನನ್ನೂ ಹೊಗಳುತ್ತಿದ್ದಳು. ಹಂಪವ್ವನಿಗೆ ಅಣ್ಣ ಇರಲಿಲ್ಲ. ತವರಿನಲ್ಲಿ ಇದ್ದದ್ದು ಒಂದೇ ಕೋಣೆ. ಇಷ್ಟು ಛಲೋ ದನಿಯಲ್ಲಿ ಇವಳು ಯಾರ ಮನೆಯ ಸುದ್ದಿ ಹೇಳುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸಿತು. ಮರುದಿನ ಕಳೆ ತೆಗೆಯಲು ಹೋದಾಗಲೂ ಆ ಮಾತು ತಲೆಯಿಂದ ಇಳಿಯಲಿಲ್ಲ.

ಹಂಪವ್ವನ ತವರು ತಾವರಗೇರಾದಿಂದ ಒಳಗಿನ ಒಂದು ಹಳ್ಳಿ. ಸಜ್ಜೆ, ನವಣೆ ಬೆಳೆಯುವ ನೆಲ. ಅಪ್ಪ ಪರರ ಹೊಲದಲ್ಲಿ ದುಡಿಯುವವನು, ಸೋಮವಾರ ಸೋಮವಾರ ಭಜನೆಯಲ್ಲಿ ಏಕತಾರಿ ಮೀಟುವವನು. ಹಂಪವ್ವನಿಗೆ ಏಳೋ ಎಂಟೋ ವರ್ಷವಿದ್ದಾಗ ಊರಿಗೆ ಸಿಡುಬಿನ ಮೈಲಿಬ್ಯಾನಿ ಬಂತು. ಅಕ್ಕ ಮುದುಕವ್ವನಿಗೂ ಇವಳಿಗೂ ಒಂದೇ ಸಲ ಎದ್ದಿತು. ಹತ್ತು ತುಂಬಿದ್ದ ಮುದುಕವ್ವ ಉಳಿಯಲಿಲ್ಲ. ಹಂಪವ್ವ ಉಳಿದಳು. ಮುಖದ ತುಂಬ ಕಲೆ ಉಳಿದವು. ಬೆಳೆದ ಮೇಲೆ ಕನ್ಯೆ ನೋಡಲು ಬಂದವರು ಚಾ ಕುಡಿದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಕಡೆಗೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಮಾರೆಪ್ಪ ಬಂದ. ತಲೆ ತಗ್ಗಿಸಿ ಕೂತವನು ತಲೆ ತಗ್ಗಿಸಿಕೊಂಡೇ ಒಪ್ಪಿದ. ಹಂಪವ್ವ ಬಗಲಲ್ಲಿ ಅಪ್ಪನ ಏಕತಾರಿ ಇಟ್ಟುಕೊಂಡು ಕಾಲುವೆ ನೀರಿನ ಸೀಮೆಗೆ ಬಂದಳು.

ಮಾರೆಪ್ಪ ಮಾತಿನ ಮನುಷ್ಯನಲ್ಲ. ಮೊದಲ ಕೆಲವು ವರ್ಷ, ಈತ ಬೇರೆ ಯಾರೂ ಸಿಗದ್ದಕ್ಕೆ ತನ್ನನ್ನು ಮಾಡಿಕೊಂಡಿದ್ದಾನೆ ಎಂದೇ ಅವಳು ತಿಳಿದಿದ್ದಳು. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಂಜೆ ಅವಳು ರೊಟ್ಟಿ ಬಡಿಯುತ್ತ ಹಾಡುವಾಗ ಅವನು ಮೊರ ಹಿಡಿದು ಅಕ್ಕಿಯಲ್ಲಿನ ಹಳ್ಳು ಆರಿಸುತ್ತ ಕೂಡುತ್ತಿದ್ದ. ಹಳ್ಳು ಮುಗಿದರೂ ಪದ ಮುಗಿದಿರುತ್ತಿರಲಿಲ್ಲ. ಆಗ ಆರಿಸಿದ ಅಕ್ಕಿಯನ್ನೇ ಮತ್ತೆ ಹರವಿಕೊಂಡು ಆರಿಸುತ್ತಿದ್ದ. ಅದನ್ನು ಕಂಡ ದಿನದಿಂದ ಹಂಪವ್ವನಿಗೆ ಗಂಡನ ಮುಖ ಬೇರೆಯೇ ಆಗಿ ಕಾಣತೊಡಗಿತು. ಮದುವೆಯಾಗಿ ಆರು ವರ್ಷದ ಮೇಲೆ, ಸಾಲಿಗೆ ಹೋಗುವ ಮಗಳನ್ನು ಮನೆಯಲ್ಲಿಟ್ಟುಕೊಂಡು, ಅವಳು ಗಂಡನ ಬರವನ್ನು ಹೊಸ ಮದುವಣಗಿತ್ತಿಯಂತೆ ಕಾಯಲು ಹತ್ತಿದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಅಂಥ ಪದವೂ ಇರಲಿಲ್ಲ.

ಟೇಪಿನಲ್ಲಿ ದನಿ ಕೇಳಿದ ನಾಲ್ಕೈದು ದಿನಕ್ಕೆ ಮೊದಲ ಸ್ವಂತ ಪದ ಹುಟ್ಟಿತು. ಬಾವಿಯಿಂದ ಕೊಡ ಹೊತ್ತು ಬರುವಾಗ ಮೊದಲ ನುಡಿ ಬಂತು. ಕೊಡ ಇಳಿಸಿದರೆ ಹೋಗಿಬಿಡುತ್ತದೇನೋ ಎಂಬ ಭಯಕ್ಕೆ ಕೊಡ ಹೊತ್ತುಕೊಂಡೇ ನೂರಜಾನಬಿಯ ಬಾಗಿಲಿಗೆ ಹೋಗಿ ನಿಂತು ಹಾಡಿದಳು.

ಕನ್ನಡಿ ಕೊಂಡಿಲ್ಲ ನಮ್ಮಪ್ಪ ಮನಿಯಾಗ
ಕೊಡದಾನ ನೀರ ಕನ್ನಡಿ, ನನ ಮಾರಿ
ಅಲುಗಿದ ನೀರಾಗ ಛಂದಿತ್ತ

ಮೈಲಿ ಮುಟ್ಟಿದ ಮಾರಿ ಮಳಿ ಬಿದ್ದ ಹುಡಿಮಣ್ಣ
ಹನಿ ಹನಿ ಗುರುತ ಉಳಿದಾವ, ನೋಡವ್ವ
ಬಿಸಿಲಿಗಿ ಒಣಗಿ ಅಳಿಸಿಲ್ಲ

ನೂರಜಾನಬಿ ನಗಬೇಕೋ ಅಳಬೇಕೋ ತಿಳಿಯದೆ ಅವಳ ತಲೆಯ ಮೇಲಿನ ಕೊಡವನ್ನು ಇಳಿಸಿದಳು. ಇದು ಯಾರ ಪದ ಎಂದು ಕೇಳಿದಳು. ನನ್ನದು ಎಂದಳು ಹಂಪವ್ವ. ಒಳಗೆ ಕೂತಿದ್ದ ಹಜರತಬೀ ಮಾತ್ರ ಬಾಯಿಯ ಎಲೆ ಅಡಿಕೆಯನ್ನು ಒಂದು ಕಡೆ ಸರಿಸಿ, ಇನ್ನೊಮ್ಮೆ ಹಾಡು ಎಂದಳು. ಮುಂದಿನ ಕ್ಯಾಸೆಟ್ಟಿನ ಕೊನೆಗೆ ಆ ಪದ ಸೇರಿಕೊಂಡು ಸೌದಿಗೆ ಹೋಯಿತು.

ನಾಟಿಯ ಕಾಲಕ್ಕೆ ಹಂಪವ್ವ ಅದನ್ನು ಗದ್ದೆಯಲ್ಲೂ ಹಾಡಿದಳು. ಸಾಲಾಗಿ ಬಗ್ಗಿದ್ದ ಹೆಂಗಸರು ಮೊದಲ ನುಡಿಗೆ ನಕ್ಕರು. ಎರಡನೆಯ ನುಡಿಗೆ ಯಾರ ನಗುವೂ ಕೇಳಿಸಲಿಲ್ಲ, ಸಸಿ ಹಚ್ಚುವ ನೀರಿನ ಸಪ್ಪಳವಷ್ಟೇ ಕೇಳಿಸಿತು. ಬದುವಿನ ಮೇಲೆ ನಿಂತಿದ್ದ ಗದ್ದೆಯ ಯಜಮಾನ ಆಂಧ್ರದ ಕಡೆಯಿಂದ ಬಂದು ವಲಸೆಗಾರರ ಕ್ಯಾಂಪಿನಲ್ಲಿ ನೆಲೆಸಿದವನು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅದನ್ನೇ ಇನ್ನೊಮ್ಮೆ ಹಾಡಲು ಹೇಳಿದ. ಅಂದಿನಿಂದ ಹಂಪವ್ವನ ತಲೆ ಜೇನುಗೂಡಾಯಿತು. ರೊಟ್ಟಿ ಸುಟ್ಟು ಕರಕಾಗುತ್ತಿದ್ದವು, ಮಗಳ ಜಡೆ ಅರ್ಧಕ್ಕೆ ನಿಲ್ಲುತ್ತಿತ್ತು. ಅಕ್ಷರ ಕಲಿತವಳಲ್ಲವಾದ್ದರಿಂದ ಹುಟ್ಟಿದ ನುಡಿಯನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಬೇಕಿತ್ತು. ಮಾತಾಡಿಸಿದವರಿಗೆ ಕೈಸನ್ನೆ ಮಾಡಿ ಮುಂದೆ ಹೋಗುತ್ತಿದ್ದಳು. ಹಂಪವ್ವನಿಗೆ ಏನಾಗಿದೆ ಎಂದು ಓಣಿಯವರು ಮಾರೆಪ್ಪನನ್ನು ಕೇಳಿದರೆ, ಆರಾಮ ಇದ್ದಾಳೆ ಎಂದಷ್ಟೇ ಅವನು ಹೇಳುತ್ತಿದ್ದ.

ದೀಪಾವಳಿಯ ಹೊತ್ತಿಗೆ ಖಾಜಾಸಾಬನ ಉತ್ತರ ಬಂತು. ಹೆಂಡತಿ, ತಾಯಿ, ಆಡಿನ ಮರಿ ಎಲ್ಲರ ಕ್ಷೇಮ ಕೇಳಿದ ಮೇಲೆ ಅವನ ದನಿ ಆ ಪದದ ಕಡೆ ತಿರುಗಿತು.

"ಆ ಮಾರಿ ಪದ ಹಾಡಿದಾಕಿಗಿ ಹೇಳು. ನಮ್ಮ ಖೋಲ್ಯಾಗ ಯಲಬುರ್ಗಿ ಕಡಿಯಾಂವ ಒಬ್ಬ ಅದಾನ. ಅದನ್ನ ಹಚ್ಚಿದ್ರ ಉಣ್ಣೂದು ಬಿಟ್ಟು ಕುಂದರ್ತಾನ. ಅವನ ತಂಗಿ ಮಾರಿನೂ ಹಂಗs ಐತೆಂತ. ಇನ್ನೂ ಇದ್ರ ಕಳಿಸಂತ ಹೇಳು, ಆದ್ರ ಆಕಿವs ಪದ ಬೇಕು, ಮಂದೀವು ಬ್ಯಾಡ."

ಆ ಮಾತು ಕೇಳಿ ಹಂಪವ್ವ ಎದ್ದು ಪಡಸಾಲೆಯ ಆ ಕಡೆಯಿಂದ ಈ ಕಡೆಗೆ ಒಮ್ಮೆ ನಡೆದಳು. ಕೂಡಲು ಆಗಲಿಲ್ಲ. ಕಣ್ಣಿಲ್ಲದ ಆ ಪೆಟ್ಟಿಗೆಯ ಮುಂದೆ ಹಾಡಿದ್ದು ಸಮುದ್ರ ದಾಟಿ ಹೋಗಿ, ಕಂಡಿಲ್ಲದ ಒಬ್ಬನ ಕೈಯಲ್ಲಿನ ತುತ್ತನ್ನು ನಿಲ್ಲಿಸಿತ್ತು. ಬರೀ ತನ್ನವೇ ಪದಗಳ ಒಂದು ಪೂರಾ ಕ್ಯಾಸೆಟ್ ಮಾಡಬೇಕು ಎಂದು ಅವಳು ಅಲ್ಲೇ, ನಿಂತಲ್ಲೇ ನಿರ್ಧಾರ ಮಾಡಿದಳು.

ಬಸ್ ಸ್ಟ್ಯಾಂಡಿನ ಹತ್ತಿರ ದೇವೇಂದ್ರಪ್ಪ ಎಂಬವರ ಅಂಗಡಿ ಇತ್ತು. ಮದುವೆ ಮುಂಜಿವೆಗೆ ಮೈಕ್ ಸೆಟ್ ಕೊಡುವುದು, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಸಿಕೊಡುವುದು ಅವರ ಕಸುಬು. ಹಂಪವ್ವ ಹೋಗಿ ಅವರ ಮುಂದೆ ಎರಡು ಪದ ಹಾಡಿದಳು. ದೇವೇಂದ್ರಪ್ಪ ಮರ್ಯಾದೆಯಿಂದಲೇ ಕೇಳಿದರು. ದನಿ ಛಲೋ ಇದೆ ಎಂದರು, ಹಾರ್ಮೋನಿಯಂ ತಬಲಾದವರನ್ನು ತಾವೇ ಕರೆಸುವುದಾಗಿ ಹೇಳಿದರು. ಆದರೆ ಪದ ಮಾತ್ರ ಹೇಮಗುಡ್ಡದ ದುರ್ಗಮ್ಮನ ಮೇಲೆ ಇರಲಿ, ನಿನ್ನ ಮುಖದ ಸುದ್ದಿ, ನಿನ್ನ ಮನೆಯ ಸುದ್ದಿಯನ್ನು ಯಾರು ಕೇಳುತ್ತಾರೆ ಎಂದು ತಿಳಿಹೇಳಿದರು.

"ಅವ್ವನ ಪದ ಹಾಡಾಕ ಭಾಳ ಮಂದಿ ಅದಾರ್ರಿ," ಎಂದಳು ಹಂಪವ್ವ. "ನನ್ನ ಪದ ಹಾಡಾಕ ನಾ ಒಬ್ಬಾಕೀನs ಇರೂದು."

ಹೀಗೆ ಹೇಳಿ ಬಂದುಬಿಟ್ಟಳು. ಮನೆ ಮುಟ್ಟುವಷ್ಟರಲ್ಲಿ ಖುಷಿ ಬಂದಿತ್ತು. ಟೇಪು ಪಕ್ಕದ ಮನೆಯಲ್ಲಿದೆ, ಏಕತಾರಿ ತನ್ನ ಮನೆಯಲ್ಲಿದೆ, ಇನ್ಯಾರ ಹಂಗು ಏಕೆ?

ಆದರೆ ಸದ್ದಿಲ್ಲದ ಜಾಗ ಸಿಗುವುದು ಅವಳು ತಿಳಿದಷ್ಟು ಸುಲಭ ಇರಲಿಲ್ಲ. ನೂರಜಾನಬಿಯ ಮನೆಯಲ್ಲಿ ಹಾಡಿದರೆ ಪಕ್ಕದಲ್ಲಿ ಖಾರ ಕುಟ್ಟುವ ಸದ್ದು, ಕೋಳಿ, ತರಕಾರಿ ಮಾರುವವಳ ಕೂಗು ಎಲ್ಲ ಬಂದು ಪದದೊಳಗೆ ಕೂಡುತ್ತಿದ್ದವು. ಕಾಲುವೆಯ ದಂಡೆಯ ಹುಣಸೆ ಮರದ ಕೆಳಗೆ ಹಾಡಿದರೆ, ಕಿವಿಗೆ ತಂಪಾಗಿದ್ದ ಗಾಳಿ ಟೇಪಿನೊಳಗೆ ಬಿರುಗಾಳಿಯ ಹಾಗೆ ಬುಸುಗುಟ್ಟಿತು. ಇಬ್ಬರೂ ಪೆಟ್ಟಿಗೆ ಹೊತ್ತು ಸಪ್ಪೆ ಮೋರೆ ಮಾಡಿಕೊಂಡು ಬಂದದ್ದನ್ನು ಮಾರೆಪ್ಪ ನೋಡಿದ. ಏನಾಯಿತೆಂದು ಕೇಳಿ ತಿಳಿದುಕೊಂಡ. ಆಮೇಲೆ, ಗಿರಣಿಯಲ್ಲಿ ಭತ್ತ ತುಂಬಿಡುವ ನೆಲ್ಲಿನ ಗೋದಾಮಿನೊಳಗೆ ಕೂಗಿದರೂ ದನಿ ಹೊರಗೆ ಬರುವುದಿಲ್ಲ, ಹೊರಗಿನದು ಒಳಗೆ ಹೋಗುವುದಿಲ್ಲ, ಒಳಗಿದ್ದ ಹಮಾಲರನ್ನು ಊಟಕ್ಕೆ ಕರೆಯಲು ತಾವು ಬಾಗಿಲವರೆಗೂ ಹೋಗಬೇಕಾಗುತ್ತದೆ ಎಂದು ಹೇಳಿದ. ಅಮಾವಾಸ್ಯೆಯ ದಿನ ಗಿರಣಿ ಬಂದ್ ಇರುತ್ತಿತ್ತು. ಸಾವ್ಕಾರರನ್ನು ಕೇಳಿ ಬೀಗದಕೈ ತಂದ. ಹೆಂಡತಿಯ ಸಲುವಾಗಿ ಅವನು ಯಾರಲ್ಲಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅಮಾವಾಸ್ಯೆಯ ಬೆಳಿಗ್ಗೆ ಮೂವರೂ ಗೋದಾಮಿಗೆ ಹೋದರು. ಮೂರು ಕಡೆ ಜಂತಿ ಮುಟ್ಟುವವರೆಗೆ ನೆಲ್ಲಿನ ಚೀಲ, ನಡುವೆ ಚಾಪೆ ಹಾಸುವಷ್ಟು ಜಾಗ. ಹೊಸ ನೆಲ್ಲಿನ ವಾಸನೆ. ಹಂಪವ್ವ ಒಂದು ಸಲ ಆ ಎಂದು ದನಿ ತೆಗೆದಳು. ದನಿ ಎಲ್ಲಿಯೂ ಬಡಿದು ತಿರುಗಿ ಬರಲಿಲ್ಲ, ಚೀಲಗಳು ಅದನ್ನು ಮೆಲ್ಲಗೆ ತಮ್ಮ ಒಳಗೆ ತೆಗೆದುಕೊಂಡವು. ಅವಳು ನೂರಜಾನಬಿಯ ಕೈ ಹಿಡಿದು ನಕ್ಕಳು. ಇಂಥ ಜಾಗ ಇಷ್ಟು ಹತ್ತಿರ ಇತ್ತಲ್ಲ!

ಒಂದು ಗುಬ್ಬಿಯ ಸಂಸಾರ ಮಾತ್ರ ಮಾಡಿನ ಸಂದಿಯಲ್ಲಿತ್ತು. ಅದನ್ನು ಓಡಿಸಲು ಮಾರೆಪ್ಪ ಚೀಲ ಹತ್ತಿದ, ಹಂಪವ್ವ ಬೇಡ ಎಂದಳು. ಅವನು ಇಳಿದು ಹೋಗಿ ಬಾಗಿಲ ಹೊರಗೆ ಕೂತ, ಯಾರೂ ಒಳಗೆ ಬಾರದಂತೆ. ನೂರಜಾನಬಿ ಎರಡು ಗುಂಡಿಗಳ ಮೇಲೆ ಎರಡು ಬೆರಳಿಟ್ಟು, ಉಸಿರು ಬಿಗಿಹಿಡಿದು, ಗೋಣು ಆಡಿಸಿದಳು. ಏಕತಾರಿಯ ತಂತಿ ಮಿಡಿಯಿತು.

ಮಾರಿಯ ಪದ ಒಂದೇ ಸಲಕ್ಕೆ ಬಂತು. ಕಾಲುವೆಯ ಪದ, ಮಗಳ ಮೊದಲ ಹಲ್ಲಿನ ಪದ, ಅಪ್ಪನ ಬೀಡಿಯ ಪದ ಒಂದರ ಹಿಂದೊಂದು ಬಂದವು. ಗದ್ದೆಯಲ್ಲಿ ಬಗ್ಗಿಕೊಂಡು ಹಾಡಿದವಳಿಗೆ ಕೂತು, ಎದೆ ತುಂಬ ಉಸಿರು ಎಳೆದು, ತನಗಾಗಿಯೇ ಹಾಡುವ ಸುಖ ಹೊಸದು. ಟೇಪಿನ ಸೆಲ್ಲು ಇಳಿದು ದನಿ ಜೋಲಿ ಹೊಡೆಯತೊಡಗಿದಾಗ ಮಾರೆಪ್ಪ ಅವನ್ನು ಹೊರಗೆ ಬಿಸಿಲಿಗಿಟ್ಟು ಕಾಯಿಸಿ ತಂದುಕೊಟ್ಟ.

ಆಮೇಲೆ ಅಕ್ಕನ ಪದ. ಮುದುಕವ್ವನಿಗೆಂದು ಅಪ್ಪ ಒಂದು ಪರಕಾರ, ಉದ್ದನೆಯ ಲಂಗ, ಹೊಲಿಸಿದ್ದ. ಯಾರದೋ ಮದುವೆಯಲ್ಲಿ ಅವಳು ಅದನ್ನು ಉಟ್ಟದ್ದು ಒಂದೇ ಸಲ. ಅಕ್ಕ ಹೋದ ಮೇಲೆ ಅದು ಟ್ರಂಕಿನಲ್ಲಿತ್ತು. ಅವ್ವ ಅದನ್ನು ಮಡಿಕೆ ಹಾಕಿ ಹೊಲಿದು ತಂಗಿಗೆ ಉಡಿಸಿದಳು.

ಅಕ್ಕನ ಪರಕಾರ ನನಗ ಉದ್ದಾಗಿತ್ತ
ಮಡಚಿ ಹೊಲದಾಳ ನಮ್ಮವ್ವ, ವರುಷಕ್ಕ
ಒಂದೊಂದ ಮಡಿಕಿ ಬಿಚ್ಚ್ಯಾಳ

ಮಡಿಕ್ಯಾನ ಬಣ್ಣ ಮಾಸದಂಗ ಉಳಿದಿತ್ತ
ಅಕ್ಕ ಉಟ್ಟ ದಿನದ ಬಣ್ಣವ, ನಾ ಬೆಳೆದು
ಅಕ್ಕಗಿಂತ ದೊಡ್ಡಾಕಿ ಆದೆನ

ಕೊನೆಯ ಸಾಲಿಗೆ ದನಿ ಒಡೆಯಿತು. ಮುದುಕವ್ವ ಎಂದು ಹೆಸರಿಟ್ಟುಕೊಂಡವಳು ಹತ್ತಕ್ಕೇ ನಿಂತುಬಿಟ್ಟಿದ್ದಳು, ಹಿಂದೆ ಹಿಂದೆ ಓಡುತ್ತಿದ್ದ ತಂಗಿ ಅವಳನ್ನು ದಾಟಿ ಇಷ್ಟು ದೂರ ಬಂದಿದ್ದಳು. ಏಕತಾರಿ ತಾನೇ ಸ್ವಲ್ಪ ಹೊತ್ತು ನುಡಿಯಿತು, ಗುಬ್ಬಿ ಎರಡು ಸಲ ಚಿಂವ್ ಎಂದಿತು. ನೂರಜಾನಬಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬೆರಳು ಮಾತ್ರ ಗುಂಡಿಯಿಂದ ಏಳಲಿಲ್ಲ. ಹಂಪವ್ವ ಮೂಗು ಎಳೆದುಕೊಂಡು ಆ ಸಾಲನ್ನು ಮತ್ತೆ ಎತ್ತಿ ಪೂರಾ ಮಾಡಿದಳು. ಅಳಿಸಿ ಇನ್ನೊಮ್ಮೆ ಹಾಡುತ್ತೀಯಾ ಎಂದು ನೂರಜಾನಬಿ ಕೇಳಿದಾಗ, ಅದು ಹೇಗೆ ಬಂತೋ ಹಾಗೆಯೇ ಇರಲಿ ಎಂದಳು. ಅತ್ತ ಮೇಲೂ ಅವಳ ಮೈ ಹಗುರಾಗಿತ್ತು. ಇಪ್ಪತ್ತೈದು ವರ್ಷ ಯಾರ ಮುಂದೆಯೂ ಆಡದ ಮಾತು ಅದು.

ಇನ್ನೊಂದು ಪದ ಉಳಿದಿತ್ತು. ಹಂಪವ್ವ ಬಾಗಿಲ ಹತ್ತಿರ ಹೋಗಿ, ಗಂಟಲು ಒಣಗಿದೆ, ಚಾ ತರುತ್ತೀರಾ ಎಂದು ಗಂಡನನ್ನು ಕೇಳಿದಳು. ಅವನು ರಸ್ತೆ ದಾಟುವವರೆಗೂ ನೋಡಿ, ಬಾಗಿಲು ಎಳೆದುಕೊಂಡು ಬಂದು ಕೂತಳು.

ಹೆಂಡತಿಯಾದವಳು ಗಂಡನ ಹೆಸರು ಹೇಳುವ ಪದ್ಧತಿ ಅವರ ಕಡೆ ಇರಲಿಲ್ಲ. ಮದುವೆ, ಬಸುರಿಯ ಕುಬಸದಲ್ಲಿ ಹೆಂಗಸರೆಲ್ಲ ಕೂಡಿ ಒತ್ತಾಯ ಮಾಡಿದಾಗ ಪ್ರಾಸದ ಒಡಪು ಹಾಕಿ ಅದರೊಳಗೆ ಹೆಸರನ್ನು ಒಮ್ಮೆ ಮುಚ್ಚಿ ಹೇಳಿದರೆ ಮುಗಿಯಿತು. ಉಳಿದಂತೆ ಇವರು, ಅವರು, ನೋಡ್ರಿ ಇಲ್ಲೆ. ಹಂಪವ್ವ ತಂತಿ ಮೀಟಿದಳು. ಈ ಸಲ ಮಟ್ಟು ಕುಣಿಯುವಂಥದ್ದು.

ಊರವರ ಹೆಸರೆಲ್ಲ ನಾಲಿಗಿ ಮ್ಯಾಲೈತಿ
ಒಂದ ಹೆಸರೀಗಿ ಕೀಲಿಯ, ಹಾಕಿದ್ದೆ
ಇಂದ ತಗದೇನ ಮಾರೆಪ್ಪ

ಸಂತ್ಯಾಗ ತಪ್ಪಿದರ ಏನಂತ ಕರೀಲವ್ವ
"ಇವರs" ಅಂದರ ಊರೆಲ್ಲ, ತಿರುಗೀತ
ಕೂಗಿ ಕರದೇನ ಮಾರೆಪ್ಪ

ನೆಲ್ಲಿನ ಚೀಲಾವ ಹೊತ್ತಂಥ ಹೆಗಲವ್ವ
ಕಲ್ಲಂತ ಅಂತಾರ ಮಂದೆಲ್ಲ, ತಲಿ ಇಟ್ಟು
ಮೆತ್ತಗ ಕಂಡೇನ ಮಾರೆಪ್ಪ

ಮುಗಿದ ಮೇಲೆ ನೂರಜಾನಬಿ ಗುಂಡಿ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಖವೆಲ್ಲ ಕೆಂಪಾಗಿತ್ತು.

"ಇದು ಸೌದಿ ತನಕ ಹೋಗ್ತೈತಿ ಹಂಪಕ್ಕ, ಗೊತ್ತೈತೇನು?"

"ಹೋಗ್ಲಿ," ಎಂದಳು ಹಂಪವ್ವ. ಅವಳ ಕಿವಿ ಬಿಸಿಯಾಗಿದ್ದವು. ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು, ಬಾಯಲ್ಲಿ ಇನ್ನೂ ಬೆಲ್ಲದ ಹಾಗೆ ಉಳಿದಿತ್ತು. ಮಾರೆಪ್ಪ ಚಾ ತಂದಾಗ ಇಬ್ಬರೂ ಅವನ ಮುಖ ನೋಡಲಾರದೆ ನಗತೊಡಗಿದರು. ಏನೆಂದು ಕೇಳದೆ ಅವನೂ ಸ್ವಲ್ಪ ನಕ್ಕ.

ಆ ವಾರ ನೂರಜಾನಬಿ ಗಂಡನಿಗೆ ಮಾತು ತುಂಬುವಾಗ ಅತ್ತೆಯನ್ನು ಹೊರಗೆ ಕಳಿಸಲಿಲ್ಲ. ಎದುರಿಗೇ ಕೂಡಿಸಿಕೊಂಡು, ಖಾಜಾ, ಎಂದು ಶುರು ಮಾಡಿದಳು. ಹಜರತಬೀ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಸೊಸೆಯನ್ನು ಒಂದು ಸಲ ನೋಡಿದಳು, ಮತ್ತೆ ಸುಣ್ಣ ಹಚ್ಚತೊಡಗಿದಳು.

ಹಂಪವ್ವ ಕ್ಯಾಸೆಟ್ ಹಿಡಿದುಕೊಂಡು ಮತ್ತೆ ದೇವೇಂದ್ರಪ್ಪನವರ ಅಂಗಡಿಗೇ ಹೋದಳು, ಇದರ ಹಾಗೆಯೇ ಇನ್ನಷ್ಟು ಮಾಡಿಕೊಡಲು ಕೇಳಿದಳು. ದನಿ ಸರಿ ಬಂದಿದೆಯೋ ನೋಡಲು ಅವರು ಅಂಗಡಿಯಲ್ಲೇ ಹಚ್ಚಿದರು. ಮೈಕ್ ಬಾಡಿಗೆ ಕೇಳಲು ಬಂದವರು ನಿಂತರು. ಬಸ್ಸಿಗೆ ಹೊರಟವರು ನಿಂತರು. ಪರಕಾರದ ಪದ ಬಂದಾಗ ದೇವೇಂದ್ರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಮುಗಿದ ಮೇಲೆ, ತಬಲಾ ಬೇಕು ಎಂದು ತಾವು ಹೇಳಿದ್ದು ತಪ್ಪಾಯಿತು ಎಂದಷ್ಟೇ ಹೇಳಿ, ಹೊಸ ಕ್ಯಾಸೆಟ್ ಬಿಚ್ಚಿ ಇಳಿಸಲು ಕೂತರು. ಮಗಳು ಒಂದೊಂದರ ಮೇಲೂ ದುಂಡಗೆ "ಹಂಪವ್ವನ ಪದ" ಎಂದು ಬರೆದಳು.

ಮೊದಲು ಒಯ್ದವರು ನಾಟಿಯ ಹೆಂಗಸರು, ಆಮೇಲೆ ಕುಷ್ಟಗಿ ದಾರಿಯ ಖಾಸಗಿ ಬಸ್ಸಿನ ಡ್ರೈವರ್. ಅಲ್ಲಿಂದ ಅದು ಹೇಗೆ ಹರಡಿತೋ ಹಂಪವ್ವನಿಗೇ ತಿಳಿಯಲಿಲ್ಲ. ಕೊಪ್ಪಳದ ಚಾದಂಗಡಿಯಲ್ಲಿ ಕೇಳಿದೆವು ಎಂದು ಒಬ್ಬರು, ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವವರು ಹಚ್ಚಿಕೊಂಡು ಕೂತಿದ್ದರು ಎಂದು ಇನ್ನೊಬ್ಬರು ಬಂದು ಹೇಳುತ್ತಿದ್ದರು. ಪ್ರತಿ ಸುದ್ದಿಗೂ ಅವಳಿಗೆ ಹಾರಬೇಕೆನ್ನಿಸುತ್ತಿತ್ತು. ಆದರೆ ಮಾರೆಪ್ಪನಿಗೆ ಅವನ ಹೆಸರಿನ ಪದದ ಸುದ್ದಿಯನ್ನು ತಾನೇ ಮೊದಲು ಹೇಳಬೇಕು ಎಂದುಕೊಂಡಿದ್ದಳು. ನಾಳೆ, ನಾಡಿದ್ದು ಎನ್ನುತ್ತ ದಿನ ಹೋಗಿದ್ದವು.

ಒಂದು ಮಧ್ಯಾಹ್ನ ಗಿರಣಿಯ ಎದುರಿನ ಹೋಟೆಲ್ಲಿನವನು ಆ ಕ್ಯಾಸೆಟ್ ತಂದು ಹಚ್ಚಿದ. ಹಮಾಲರೆಲ್ಲ ಊಟದ ಗಂಟು ಬಿಚ್ಚಿ ಕೂತಿದ್ದರು. ಓಣಿಯ ಹೆಂಗಸೊಬ್ಬಳು ಓಡಿ ಬಂದು ಹಂಪವ್ವನಿಗೆ ಹೇಳಿದಳು: ನಿನ್ನ ಗಂಡನ ಹೆಸರು ರಸ್ತೆ ತುಂಬ ಕೇಳಿಸುತ್ತಿದೆ, ಎಲ್ಲರೂ ಅವನನ್ನು ನೋಡಿ ನಗುತ್ತಿದ್ದಾರೆ, ಅವನು ಅರ್ಧ ಊಟಕ್ಕೇ ಎದ್ದಿದ್ದಾನೆ.

ಹಂಪವ್ವ ಹೊಸ್ತಿಲ ಒಳಗೆ ಕೂತು ಕಾದಳು. ಮಾರೆಪ್ಪ ಬಂದ. ಮೈಮೇಲೆ ನೆಲ್ಲಿನ ಧೂಳು ಹಾಗೇ ಇತ್ತು. ಕಾಲು ತೊಳೆದುಕೊಂಡ, ಕಂಬಕ್ಕೆ ಒರಗಿ ಕೂತ. ಸಿಟ್ಟು ಬಂದಿದೆಯೋ ಇಲ್ಲವೋ ಆ ಮುಖದಲ್ಲಿ ಓದಲು ಆಗುತ್ತಿರಲಿಲ್ಲ. ಕಡೆಗೆ ಅವನೇ ಬಾಯಿ ಬಿಟ್ಟ.

"ನನ್ನ ಹೆಸರು ಇಷ್ಟು ಛಲೋ ಐತಂತ ನನಗ ಗೊತ್ತಿರ್ಲಿಲ್ಲ."

ಹಂಪವ್ವ ಹೊಸ್ತಿಲು ಬಿಟ್ಟು ಎದ್ದಳು. ಅವನು ನೆಲ ನೋಡುತ್ತಲೇ, "ಇಲ್ಲಿ ಯಾರೂ ಇಲ್ಲ. ಹಾಡು," ಎಂದ. ಅವಳು ಏಕತಾರಿಯನ್ನೂ ತೆಗೆದುಕೊಳ್ಳದೆ, ಎದುರಿಗೆ ಕೂತು, ಅವನ ಮುಖ ನೋಡಿಕೊಂಡೇ ಹಾಡಿದಳು. ಹೆಗಲಿನ ನುಡಿ ಬಂದಾಗ ಅವನು ತಲೆ ಎತ್ತಿದ. ಆ ದಿನ ಅವನು ಮತ್ತೆ ಗಿರಣಿಗೆ ಹೋಗಲಿಲ್ಲ.

ಎಲ್ಲರೂ ಹಾಗೆ ಇರಲಿಲ್ಲ. ಮಾರೆಪ್ಪನ ಅಣ್ಣ ಯಂಕೋಬ ತಾವರಗೇರಾದಿಂದ ಸಿಟ್ಟಾಗಿಯೇ ಬಂದ. ನಮ್ಮ ಮನೆತನದ ಸೊಸೆ ಬಸ್ಸಿನಲ್ಲಿ ಗಂಡನ ಹೆಸರು ಹಿಡಿದು ಕೂಗುತ್ತಾಳೆ, ಸಂತೆಗೆ ಹೋದರೆ ಜನ ಮಾರೆಪ್ಪನ ಅಣ್ಣ ಬಂದ ಎಂದು ನಗುತ್ತಾರೆ, ಆ ಕ್ಯಾಸೆಟ್ಟುಗಳನ್ನೆಲ್ಲ ತರಿಸಿ ಸುಟ್ಟುಹಾಕು ಎಂದು ಕೂತಲ್ಲೇ ದೊಡ್ಡ ದನಿ ತೆಗೆದ. ಹಂಪವ್ವ ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ಮಾರೆಪ್ಪ ಅಣ್ಣನ ಮಾತು ಪೂರಾ ಮುಗಿಯುವವರೆಗೆ ಕೇಳಿದ. ತಂಬಿಗೆ ನೀರು ತಂದು ಅವನ ಮುಂದಿಟ್ಟ.

"ಹೆಸರು ನಂದೈತೆಣ್ಣ," ಎಂದ. "ನನಗ ಖುಷಿ ಆಗೇತಿ. ನೀ ಊಟಾ ಮಾಡು."

ಯಂಕೋಬ ಊಟ ಮಾಡದೆ ಎದ್ದು ಹೋದ. ಎರಡು ವರ್ಷ ಆ ಮನೆಗೆ ಬರಲಿಲ್ಲ, ಇವರನ್ನು ಹಬ್ಬಕ್ಕೂ ಕರೆಯಲಿಲ್ಲ. ಆ ನೋವು ಮಾರೆಪ್ಪನಿಗೆ ಇತ್ತು. ಆದರೆ ಅವನು ಅದನ್ನು ಹೆಂಡತಿಯ ಮೇಲೆ ಹಾಕಲಿಲ್ಲ.

ಹಂಪವ್ವ ಆಮೇಲೂ ಕ್ಯಾಸೆಟ್ ಮಾಡಿದಳು, ಎಲ್ಲವನ್ನೂ ಅದೇ ಗೋದಾಮಿನಲ್ಲಿ, ಅಮಾವಾಸ್ಯೆಯ ದಿನ. ಒಂದರಲ್ಲಿ ಸಿಟ್ಟು ಮಾಡಿಕೊಂಡು ಹೋದ ಭಾವನನ್ನು ಊಟಕ್ಕೆ ಕರೆಯುವ ಪದವೂ ಇತ್ತು. ಯಂಕೋಬ ಅದನ್ನು ಕೇಳಿ ತಿರುಗಿ ಬಂದನೋ, ತಮ್ಮನ ಮಗಳು ದೊಡ್ಡವಳಾದ ಸುದ್ದಿಗೆ ಬಂದನೋ ಯಾರೂ ಕೇಳಲಿಲ್ಲ. ಬಂದವನು ಎರಡು ಸಲ ಅನ್ನ ಹಾಕಿಸಿಕೊಂಡ.

೧೯೮೬ರಲ್ಲಿ ಯಲಬುರ್ಗಾದ ಹೆಂಗಸರು ಕೂಡಿ ಅವಳನ್ನು ತಮ್ಮ ಊರಿಗೆ ಹಾಡಲು ಕರೆಸಿದರು. ಗಂಡ ಹೆಂಡತಿ ಬೆಳಗಿನ ಬಸ್ಸಿಗೆ ಹೊರಟರು. ಏಕತಾರಿಯನ್ನು ಮಾರೆಪ್ಪ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಕೊಪ್ಪಳ ದಾಟಿದ ಮೇಲೆ ಡ್ರೈವರ್ ಟೇಪು ಹಚ್ಚಿದ. ಹಂಪವ್ವನದೇ ದನಿ. ಹಿಂದಿನ ಸೀಟಿನ ಮುದುಕಿಯೊಬ್ಬಳು ಜೊತೆಗೆ ಗುನುಗುತ್ತಿದ್ದಳು. ಮುಂದೆ ಕೂತವಳೇ ಆ ಹಾಡಿನವಳು ಎಂದು ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರೆಪ್ಪ ಹೇಳಲೇ ಎಂಬಂತೆ ಹೆಂಡತಿಯ ಕಡೆ ನೋಡಿದ.

ಹಂಪವ್ವನಿಗೆ ಅದರ ಮೇಲೆ ಧ್ಯಾನವೇ ಇರಲಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತ ತುಟಿ ಅಲುಗಿಸುತ್ತಿದ್ದಳು. ಹೊರಗೆ ಸೂರ್ಯಕಾಂತಿಯ ಹೊಲ ಮೈಲಿಗಟ್ಟಲೆ ಹಳದಿಯಾಗಿ ಓಡುತ್ತಿತ್ತು. ಒಂದು ಸಾಲು ಬಂದಿತ್ತು, ಎರಡನೆಯದು ಬಾಯಿಯ ಹತ್ತಿರ ಬಂದು ಬಂದು ಹೋಗುತ್ತಿತ್ತು. ಅವಳು ಬೇಗನೆ ಎದ್ದು, ಕಂಬಿ ಹಿಡಿದುಕೊಂಡು ಮುಂದಕ್ಕೆ ಹೋದಳು.

"ತಮ್ಮಾ, ಅದನ್ನ ಜರಾ ಬಂದ್ ಮಾಡಪ್ಪ," ಎಂದು ಡ್ರೈವರನಿಗೆ ಹೇಳಿದಳು. "ಹೊಸಾದೊಂದು ಬರಾಕತ್ತೈತಿ."